ಹನ್ನೊಂದನೇ ಘಟ್ಟದ ಕೆರೆಗಳು

ಹೊಳೆನರಸೀಪುರದ ಬಸ್ ನಿಲ್ದಾಣಕ್ಕೆ ಹಾಸನದ ಬಸ್ಸು ಬಂದು ನಿಂತು, ಕಂಡಕ್ಟರ್ ಎರಡು ಸಲ ಕೂಗಿ, ಸೀಟಿ ಊದಿ, ಬಾಗಿಲು ಹಾಕಿಕೊಂಡು ಹೊರಟುಹೋಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ತಡವಾಗಿ ಬಂದು ಬಸ್ಸು ತಪ್ಪಿಸಿಕೊಂಡದ್ದಲ್ಲ. ಬಸ್ಸು ಎದುರಿಗೇ ಇರುತ್ತಿತ್ತು, ಸೀಟೂ ಇರುತ್ತಿತ್ತು. ಪಕ್ಕದ ಕಲ್ಲುಬೆಂಚಿನ ಮೇಲೆ ಐವತ್ತು ದಾಟಿದ ಒಬ್ಬ ಸರ್ಕಾರಿ ಭೂಮಾಪಕರು ಅಂಗೈಯಗಲದ ಆಟದ ಯಂತ್ರವೊಂದನ್ನು ಮೂಗಿನ ಹತ್ತಿರ ಹಿಡಿದು ಎರಡೂ ಹೆಬ್ಬೆರಳು ಆಡಿಸುತ್ತ ಕೂತಿರುತ್ತಿದ್ದರು.

"ಸಾರ್, ಬಸ್ಸು."

"ಒಂದ್ನಿಮ್ಸ ಸಾ. ಸೇತ್ವೆ ಮ್ಯಾಲವ್ನೆ."

"ಕೊನೇ ಸೀಟು ಸಾರ್. ಇನ್ನೊಂದು ಬಸ್ಸು ಮುಕ್ಕಾಲು ಗಂಟೆಗೆ."

"ನಡು ಸೇತ್ವೇಲಿ ಬುಟ್ಬುಟ್ ಓಗಕ್ಕಾಯ್ತದಾ ಸಾ? ಬಿದ್ದೋಯ್ತಾನೆ ಕಣ. ನೀವಾದ್ರೆ ಬುಡ್ತೀರಾ?"

ಬಿಡುತ್ತೇನೆ ಎಂದು ನಾನು ಹೇಳುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಸೇತುವೆಯ ಮೇಲಿದ್ದವನೂ ಹೇಗೂ ಬಿದ್ದಿರುತ್ತಿದ್ದ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ನಮ್ಮ ಭೂಮಾಪನ ಇಲಾಖೆಯ ನೌಕರರು ವರ್ಷಕ್ಕೊಮ್ಮೆ ತರುವ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಕೇಳಿದ ರೀತಿ ಹೀಗಿತ್ತು: "ಆ ಗೇಮ್ ನಕ್ಷೆ ಕತೆ ಬರೀರಿ ಸಾರ್. ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲ್ಲ." ಅದು ನಿಜ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಕತೆಯನ್ನು ನನ್ನಷ್ಟು ಸಲ ಹೇಳಿದವರು ಯಾರೂ ಇಲ್ಲ. ಆಟದ ನಕ್ಷೆಯ ಒಂದು ಹಾಳೆ ರೈತನೊಬ್ಬನ ಜಮೀನಿನ ಕಡತಕ್ಕೆ ಸೇರಿಕೊಂಡ ಕತೆ ಅದು. ಒಬ್ಬ ಒಳ್ಳೆಯ ಅಳತೆಗಾರನ ಹೆಸರು ಕೆಟ್ಟದ್ದು ಆ ಒಂದು ಹಾಳೆಯಿಂದ. ಹಾಳೆ ಬರೆದವರು ಯಾರು ಎಂಬ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ. ಈಚೆಗೆ ಒಬ್ಬರು ಕೇಳಿದರು. ಆದ್ದರಿಂದ ಸಂಚಿಕೆಯವರು ನಿರೀಕ್ಷಿಸಿದ ಬರಹ ಇದಲ್ಲ.

ಹೆಸರು ಹಾಕುವುದಿಲ್ಲ. ಗೊತ್ತಿರುವವರಿಗೆ ಗೊತ್ತೇ ಇರುತ್ತದೆ.

ಮೊದಲು ಆ ಯಂತ್ರದ ವಿಷಯ ಹೇಳಬೇಕು. ಹಾಸನದಲ್ಲಿ ಮೊಬೈಲ್ ರಿಪೇರಿ ಮಾಡುವ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಚಾರ್ಜರುಗಳ ನಡುವೆ ಬಿದ್ದಿದ್ದನ್ನು ಅವರು ಕೊಂಡಿದ್ದರು. ಮಡಚುವ ಯಂತ್ರ, ಒಂದು ಕೀಲು ಮುರಿದು, ಅಲ್ಲಿಗೆ ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪು ಸುತ್ತಿತ್ತು. ಹಸಿರು ಬಣ್ಣದ್ದು ಎಂದು ಬರೆಯಲು ಹೊರಟಿದ್ದೆ. ಈಗ ನನ್ನ ಮೇಜಿನ ಮೇಲೇ ಇದೆ, ನೋಡಿದರೆ ನೀಲಿ. ಎಂಟು ವರ್ಷ ಪಕ್ಕದಲ್ಲಿ ಕೂತು ನೋಡಿದ ವಸ್ತುವಿನ ಬಣ್ಣ ನನಗೆ ತಪ್ಪಾಗಿ ನೆನಪಿದೆ. ಮುಂದೆ ನಾನು ಹೇಳುವುದನ್ನೆಲ್ಲ ಓದುವಾಗ ಇದು ನಿಮ್ಮ ಗಮನದಲ್ಲಿರಲಿ.

ಅದರೊಳಗೆ ಒಂದೇ ಆಟ. ಆಟದ ತುಂಡು ಒಳಗೆ ಸಿಕ್ಕಿಕೊಂಡಿದ್ದರಿಂದ ಬೇರೆ ಆಟ ಹಾಕುವಂತಿರಲಿಲ್ಲ. ಅಕ್ಷರಗಳು ಯಾವುದೋ ದೇಶದವು, ನಮಗೆ ಒಂದೂ ತಿಳಿಯದು. ಆಟದ ನಾಯಕ ಗುಂಡು ಬದನೆಕಾಯಿಗೆ ಎರಡು ಕಾಲು ಬಂದಂತಿದ್ದ, ತಲೆಯ ಮೇಲೆ ಒಂದು ಮಡಕೆ ಬೋರಲು ಹಾಕಿಕೊಂಡಿದ್ದ. ಇವರು ಅವನಿಗೆ ಮಡಕೆರಾಯ ಎಂದು ಹೆಸರಿಟ್ಟಿದ್ದರು. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರುತ್ತ, ಮುಳ್ಳು ತಪ್ಪಿಸಿಕೊಂಡು, ಕೆರೆ ದಾಟಿ, ಎಡದಿಂದ ಬಲಕ್ಕೆ ಹೋಗಿ ಮುಟ್ಟುವುದು ಅವನ ಕೆಲಸ. ಇಂಥ ಆಟಗಳು ಲೋಕದಲ್ಲಿ ಸಾವಿರ ಇವೆ. ಆದರೆ ಈ ಮಡಕೆರಾಯ ನೇರವಾಗಿ ಹಾರುವವನಲ್ಲ. ಹಾರಬೇಕಾದರೆ ಮೊದಲು ಕೂರಬೇಕು. ಗುಂಡಿ ಒತ್ತಿದರೆ ನಿಧಾನವಾಗಿ, ಮಂಡಿ ನೋವಿರುವವರ ಹಾಗೆ, ಕೂರುತ್ತಾನೆ. ಕೂತು ಎದ್ದ ಮೇಲೆಯೇ ಹಾರುವುದು. ಅವಸರ ಮಾಡಿ ಎರಡು ಸಲ ಒತ್ತಿದರೆ ಮುನಿಸಿಕೊಂಡು ಪೂರಾ ಕೂತುಬಿಡುತ್ತಾನೆ. ಸುಮ್ಮನೆ ಬಿಟ್ಟರೆ ಮಡಕೆ ಕೆಳಗಿಳಿಸಿ ಒಳಗೆ ಬಗ್ಗಿ ನೋಡುತ್ತಾನೆ. ಒಮ್ಮೊಮ್ಮೆ ಕಪ್ಪೆ ಇರುತ್ತದೆ, ಒಮ್ಮೊಮ್ಮೆ ಇನ್ನೊಬ್ಬ ಪುಟ್ಟ ಮಡಕೆರಾಯ. ಕೆಲವು ದಿನ ಏನೂ ಇರುವುದಿಲ್ಲ. ಆಗ ಅವನು ತಲೆಯೆತ್ತಿ ಆಡುವವರ ಮುಖವನ್ನೇ ನೋಡುತ್ತಾನೆ, ಇದ್ದದ್ದನ್ನು ನೀವೇ ಕದ್ದಿರಿ ಎಂಬಂತೆ.

ಬೆಳಿಗ್ಗೆ ಕಚೇರಿಗೆ ಬಂದವರು ಹಾಜರಿ ಹಾಕುವುದಕ್ಕೂ ಮೊದಲು ನನಗೆ ವರದಿ ಒಪ್ಪಿಸುತ್ತಿದ್ದರು.

"ಇವತ್ತು ಕಪ್ಪೆ ಸಾ."

ಅಥವಾ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನುವ ದನಿಯಲ್ಲಿ, "ಇವತ್ತು ಏನೂ ಇರ್ನಿಲ್ಲ."

ನಾನು ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿದವನು, ಏನು ಹೇಳಿದರೂ ಪುರಾವೆ ಕೇಳುವ ಅಭ್ಯಾಸದವನು. ಒಂದು ದಿನ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತು ಅವರಿಗೆ ಉಪನ್ಯಾಸ ಕೊಟ್ಟೆ. ಇದೆಲ್ಲ ಮನುಷ್ಯನ ಮೆದುಳಿಗೆ ಹಾಕುವ ಗಾಳ, ಆಗಾಗ ಒಂದು ಕಪ್ಪೆ ತೋರಿಸಿ ಆಸೆ ಹುಟ್ಟಿಸುತ್ತಾರೆ, ಯಾವಾಗ ಸಿಗುತ್ತದೆ ಎಂದು ಗೊತ್ತಾಗದಿರುವುದೇ ಅದರ ಮೋಡಿ, ಇಲಿಗೂ ಹೀಗೆಯೇ ಮಾಡುತ್ತಾರೆ, ಎಂದೆಲ್ಲ. ಅವರು ಪೂರ್ತಿ ಕೇಳಿದರು.

"ಕಪ್ಪೆಗಲ್ಲ ಸಾ ನಾನ್ ಆಡೋದು."

"ಮತ್ತೆ?"

"ನೂರ್ ಸಲ ಬಿದ್ರೂ ಆ ಕಟ್ಟೆ ಅಲ್ಲೇ ಇರ್ತದೆ ನೋಡಿ. ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇಯ. ಯಾವನೂ ರಾತ್ರೋರಾತ್ರಿ ಕಿತ್ತು ಎರಡ್ ಮೊಳ ಆಚ್ಗೆ ನೆಟ್ಟಿರಕಿಲ್ಲ. ಅಂತಾ ಊರ್ ನೀವೆಲ್ಲಾದ್ರೂ ಕಂಡಿದ್ದೀರಾ?"

ಮೂವತ್ತು ವರ್ಷ ಗಡಿಕಲ್ಲು ಹುಡುಕಿದ ಮನುಷ್ಯನ ಮಾತು ಅದು. ಅಂದು ನನಗೆ ಹಾಗನ್ನಿಸಲಿಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಆಡುವುದಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅವರು ಅಳೆಯುತ್ತಿದ್ದರು. ಆಟದಲ್ಲಿ ನಲವತ್ತು ಘಟ್ಟ. ಒಂದು ಘಟ್ಟವನ್ನು ಪೂರ್ತಿ ಅಳೆದು ನಕ್ಷೆ ಬರೆಯದೆ ಮುಂದಿನದಕ್ಕೆ ಕಾಲಿಡುತ್ತಿರಲಿಲ್ಲ. ಮಡಕೆರಾಯನ ಒಂದು ಹೆಜ್ಜೆಯೇ ಅಳತೆಗೋಲು. ನಾವು ಹೊಲ ಅಳೆದು ನಕ್ಷೆ ಬರೆಯುವ ಅದೇ ಹಾಳೆಗಳಲ್ಲಿ, ಅವುಗಳಲ್ಲಿ ಹಾಳಾದ ಹಾಳೆಗಳ ಬೆನ್ನಿನ ಮೇಲೆ, ಅದೇ ಗುರುತುಗಳಲ್ಲಿ ಬರೆಯುತ್ತಿದ್ದರು. ಕೆರೆಗೆ ಕೆರೆಯ ಗುರುತು, ಮರಕ್ಕೆ ಮರದ ಗುರುತು. ಕೊನೆಗೆ ಚಕ್ಕುಬಂದಿ. ಜಮೀನಿಗಾದರೆ ನಾಲ್ಕು ದಿಕ್ಕಿಗೆ ಯಾರು ಯಾರು ಬರುತ್ತಾರೆ ಎಂದು ಬರೆಯುವುದು ಚಕ್ಕುಬಂದಿ. ಅವರ ಚಕ್ಕುಬಂದಿಯಲ್ಲಿ ಇರುತ್ತಿದ್ದದ್ದು: ಎಡಕ್ಕೆ ಗೋಡೆ, ಬಲಕ್ಕೆ ಬಾಗಿಲು, ಮೇಲಕ್ಕೆ ಆಕಾಶ, ಕೆಳಕ್ಕೆ ಮುಳ್ಳು.

ಇದರಲ್ಲಿ ಉತ್ತರ ದಿಕ್ಕಿನ ಬಾಣವೇ ಇಲ್ಲವಲ್ಲ, ಯಾವ ಸೀಮೆಯ ನಕ್ಷೆ ಇದು ಎಂದು ಒಮ್ಮೆ ಕೆಣಕಿದೆ. ಅವರು ಅದನ್ನು ಕೆಣಕಿದ್ದೆಂದು ತೆಗೆದುಕೊಳ್ಳಲೇ ಇಲ್ಲ.

"ಒಲಾನ ನಾವ್ ಮ್ಯಾಲಿಂದ ನೋಡ್ತೀವಿ ಸಾ, ಹದ್ದಿನ್ ತರ. ಅದಕ್ಕೆ ಉತ್ತರ ಅದೆ. ಇದನ್ನ ಪಕ್ಕದಿಂದ ನೋಡ್ತಾ ಇದೀವಿ. ಇದಕ್ಕೆ ಉತ್ತರ ಎಲ್ಲಿಂದ ತರ್ಲಿ? ಮ್ಯಾಲಿರೋದು ಆಕಾಸ ಅಷ್ಟೇಯ. ಇಲ್ದಿರೋ ದಿಕ್ಕು ಬರೆಯಕ್ಕಾಯ್ತದಾ?"

ಎಂ.ಎಸ್ಸಿ. ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ ಇರಬೇಕು.

ಕೆಲಸದಲ್ಲೂ ಅವರು ಮಡಕೆರಾಯನ ತಮ್ಮನೇ. ಅಥವಾ ತಮ್ಮಂತೆಯೇ ಇದ್ದಾನೆಂದು ಮಡಕೆರಾಯನನ್ನು ಮೆಚ್ಚಿದ್ದರೋ, ಯಾವುದು ಮೊದಲೆಂದು ಹೇಳಲಾರೆ. ದುದ್ದದ ಕಡೆ ಒಂದು ತೆಂಗಿನ ತೋಟದ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿ ಕೊಡಲು, ಹೋಗಿದ್ದೆವು. ಎರಡು ಮನೆಯವರು ಬದುವಿನ ಎರಡು ಕಡೆ ನಿಂತು ಹಳೆಯದೆಲ್ಲ ಎತ್ತಿಕೊಂಡು ಬೈದಾಡುತ್ತಿದ್ದರು. ಸರಪಳಿ ಎಳೆದದ್ದಾಯಿತು, ಅಳತೆ ಯಂತ್ರ ಇಟ್ಟು ನೋಡಿದ್ದಾಯಿತು, ಲೆಕ್ಕ ಹಾಕಿದ್ದಾಯಿತು. ಇನ್ನು ಇಲ್ಲಿ ಅಗೆಯಿರಿ ಎನ್ನುವುದೊಂದೇ ಬಾಕಿ. ಆಗ ಇವರು ಬದುವಿನ ಮೇಲೆ ಕೂತುಬಿಟ್ಟರು. ಐದು ನಿಮಿಷ, ಹತ್ತು ನಿಮಿಷ. ಬಿಸಿಲು ನೆತ್ತಿ ಸುಡುತ್ತಿತ್ತು.

"ಇದ್ಯಾಕ್ ಸಾ ಕುಂತ್ಬುಟ್ರು? ಮೈ ಉಸಾರಿಲ್ವಾ?" ಎಂದು ಒಬ್ಬ ಕೇಳಿದ.

"ಸರ್ವೇರ್ ಸಾ, ಅದು ನನ್ ತ್ವಾಟ ಅಂತ ಒಂದ್ ಮಾತ್ ಹೇಳ್ಬುಡಿ. ಸಾಕು," ಎಂದು ಇನ್ನೊಬ್ಬ.

ಇವರು ತಲೆ ಎತ್ತಲಿಲ್ಲ. "ಯಾರ್ದು ಅನ್ನೋದು ನನ್ ಕೆಲ್ಸ ಅಲ್ಲ ಕಣಪ್ಪ. ಎಲ್ಲೀಗಂಟ ಅನ್ನೋದಷ್ಟೇ ನಂದು," ಎಂದರು. ಆಮೇಲೆ ಎದ್ದು ನಾಲ್ಕು ಹೆಜ್ಜೆ ನಡೆದು, "ಇಲ್ಲಿ ಅಗೀರಿ," ಎಂದರು. ಮೊಣಕೈ ಆಳದಲ್ಲಿ ಹಳೆಯ ಗಡಿಕಲ್ಲು ಸಿಕ್ಕಿತು.

ಹೀಗೆ ಅಗೆದಾಗೆಲ್ಲ ಸಿಗುತ್ತಿತ್ತು ಎಂದು ಜನ ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ಬೂವನಹಳ್ಳಿಯ ಹತ್ತಿರ ಒಂದು ಕಡೆ ಸಿಗಲಿಲ್ಲ ಎಂದು ನನ್ನ ನೆನಪು. ಆದರೆ ಆ ದಿನ ನಾನು ಜೊತೆಗಿದ್ದೆನೋ, ಯಾರೋ ಹೇಳಿದ್ದು ಕೇಳಿದ್ದೋ, ಖಚಿತವಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಆ ಕಾಲದಲ್ಲಿ ನಾಲ್ಕು ತಾಲ್ಲೂಕಿನ ಜನ ಜಟಿಲವಾದ ಗಡಿ ಜಗಳ ಬಂದರೆ "ಆ ಕುಂತ್ಕಳೋ ಸರ್ವೇರನ್ನೇ ಕಳ್ಸಿ" ಎಂದು ಕೇಳಿಕೊಂಡು ಬರುತ್ತಿದ್ದರು. ಸೋತವರೂ ಅವರ ಅಳತೆಗೆ ಎದುರು ಹೇಳುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಮರ್ಯಾದೆ ಎಂದರೆ ಅದೊಂದೇ.

ನಡುವೆ ಅವರಿಗೆ ಕಣ್ಣಿನ ಪೊರೆ ತೆಗೆಸುವ ಆಪರೇಷನ್ ಆಯಿತು. ಡಾಕ್ಟರು ಆ ಯಂತ್ರವನ್ನು ಹತ್ತಿರ ಬಿಡಬೇಡಿ ಎಂದು ಅವರ ಹೆಂಡತಿಗೆ ಹೇಳಿದರು. ಮನೆಯಲ್ಲಿ ಎಲ್ಲಿ ಬಚ್ಚಿಟ್ಟರೂ ಅಳತೆ ಹಾಕಿ ಹುಡುಕಿಬಿಡುತ್ತಾರೆ ಎಂದು ಆಕೆ ಅದನ್ನು ತಂದು ನನ್ನ ಕೈಗೆ ಕೊಟ್ಟರು. ಎರಡು ವಾರವೋ ಮೂರು ವಾರವೋ ನನ್ನ ಚೀಲದಲ್ಲಿತ್ತು. ಚಾರ್ಜ್ ಇದೆಯೋ ಇಲ್ಲವೋ ಎಂದು ಒಂದೆರಡು ಸಲ ಹಾಕಿ ನೋಡಿದ್ದೆ. ಅಷ್ಟೇ. ಹೀಗೆಂದು ನನ್ನ ನೆನಪು ಮೊನ್ನೆಯವರೆಗೂ ಹೇಳುತ್ತಿತ್ತು.

ಇನ್ನು ಆ ಹಾಳೆಯ ಕತೆ.

ಅವರು ಆಪರೇಷನ್ನಿನ ರಜೆ ಮುಗಿಸಿ ಬಂದು ಕೆಲವು ತಿಂಗಳಾಗಿತ್ತು. ಹಳೆಯ ಕಡತಗಳನ್ನೆಲ್ಲ ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವ ಕೆಲಸ ನಡೆದಿತ್ತು. ಒಂದು ಬೆಳಿಗ್ಗೆ ಹರದನಹಳ್ಳಿ ಕಡೆಯ ಒಬ್ಬ ರೈತ ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಾಳೆ ಇಟ್ಟುಕೊಂಡು ಕಚೇರಿಗೆ ಬಂದ. ಬೆನ್ನ ಹಿಂದೆಯೇ ಅವನ ಪಕ್ಕದ ಹೊಲದವನೂ ಬಂದ. ಯಾವ ಕಚೇರಿ ಎಂದು ಕೇಳಬೇಡಿ, ನಾಲ್ಕರಲ್ಲಿ ಒಂದು.

"ಸರ್ವೇರ್ ಸಾ, ನನ್ ಒಲ್ದಾಗೆ ಮೂರ್ ಕೆರೆ ಯಾವಾಗ್ ತೋಡ್ಸುದ್ರಿ?"

ಹಾಳೆ ನೋಡಿದೆವು. ಅವನ ಸರ್ವೆ ನಂಬರಿನ ಕಡತದಿಂದಲೇ ಬಂದ ನಕಲು. ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆಗಳು, ಸಾಲು ಮುಳ್ಳು, ಮೂರು ಕೆರೆ, ಒಂದು ಪೊಳ್ಳು ಮರ.

"ಮರದ್ ಮ್ಯಾಲೆ ಇದೇನ್ ಸಾ? ಬಸವನುಳ ಮನಗದಾ?"

ಹೌದು, ಆಟದಲ್ಲಿ ಅಲ್ಲೊಂದು ಬಸವನಹುಳು ಮಲಗಿರುತ್ತದೆ.

ಪಕ್ಕದ ಹೊಲದವನು ಹಾಳೆಯ ಮೇಲೆ ಬೆರಳಿಟ್ಟ. "ಇರೋದ್ ಇರ್ಲಿ. ಈ ಬಲಗಡೆ ಕೆರೆ ನಂದು ಕಣ್ರೀ. ನಮ್ಮಪ್ಪನ್ ಕಾಲದಿಂದ್ಲೂ ನಂದೇಯ."

"ಇಲ್ದಿರೋ ಕೆರೆ ನಿಮ್ಮಪ್ಪಂದೆಂಗಾಯ್ತದ್ಲಾ?"

"ನಕ್ಷೇಲದೆಯಲ್ಲ! ಸರ್ಕಾರ್ದೋರು ಸುಮ್ ಸುಮ್ನೆ ಬರೀತಾರಾ?"

ಇಬ್ಬರೂ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುವ ಹೊತ್ತಿಗೆ ಸಾಹೇಬರು ಒಳಗಿನಿಂದ ಬಂದರು. ಆ ಕಡತದ ಅಳತೆ ಮಾಡಿ ಸಹಿ ಹಾಕಿದ್ದವರು ನಮ್ಮವರು. ನಾನು ಜೊತೆಗಿದ್ದು ಲೆಕ್ಕ ತಾಳೆ ನೋಡಿದ್ದೆ. ಆಟದ ಯಂತ್ರ ಇದ್ದದ್ದು ಇಡೀ ಕಚೇರಿಯಲ್ಲಿ ಒಬ್ಬರ ಹತ್ತಿರ. ಮತ್ತೆ ಯಾರನ್ನು ಕೇಳುವುದು? ಕರೆಸಿ ಹಾಳೆಯನ್ನು ಮುಂದೆ ಹಿಡಿದರು.

"ಏನ್ರೀ ಇದು?"

ಅವರು ಕನ್ನಡಕ ಏರಿಸಿ, ಹಾಳೆಯನ್ನು ಬೆಳಕಿಗೆ ಹಿಡಿದು, ಎಲ್ಲರೂ ಕಾಯುತ್ತಿದ್ದಾರೆ ಎಂಬ ಪರಿವೆಯೇ ಇಲ್ಲದೆ ನೋಡಿದರು.

"ಅಳತೆ ತಪ್ಪದೆ ಸಾ."

"ಏನಂದ್ರಿ?"

"ಕೆರೆ ಎರಡೇಯ. ಇದ್ರಾಗೆ ಮೂರವೆ. ಉತ್ತರಾನೂ ಬರ್ದವ್ರೆ."

ಮೊದಲು ನಕ್ಕವನು ನಾನು. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಗುಮಾಸ್ತರು ನಕ್ಕರು, ಸ್ಕ್ಯಾನ್ ಮಾಡುವವರು ನಕ್ಕರು, ಜಗಳಕ್ಕೆ ಬಂದ ಇಬ್ಬರೂ ಜಗಳ ಮರೆತು ನಕ್ಕರು. ಸಾಹೇಬರು ಮಾತ್ರ ಕೆಂಪಾದರು.

"ಕೆರೆ ಎರಡಾಗಿದ್ದಿದ್ರೆ ಸರಿಹೋಗ್ತಿತ್ತೇನ್ರೀ?"

"ಎರಡಾಗಿದ್ರೆ ಸರಿಯಾದ್ ನಕ್ಷೆ ಆಗ್ತಿತ್ತು ಸಾ. ಒಲದ್ದಲ್ಲ, ಆಟದ್ದು."

ಲಿಖಿತ ಸಮಜಾಯಿಷಿ ಕೇಳಿದರು. ಇವರು ಎರಡು ಸಾಲು ಬರೆದುಕೊಟ್ಟರು: ಸದರಿ ನಕ್ಷೆಯಲ್ಲಿ ಕೆರೆಗಳ ಸಂಖ್ಯೆ ತಪ್ಪಾಗಿರುತ್ತದೆ, ಮರು ಅಳತೆ ಮಾಡಿಸಬಹುದು. ಮೇಲಿನವರು ಅದನ್ನು ಉದ್ಧಟತನ ಎಂದು ಓದಿದರು. ಎಚ್ಚರಿಕೆ ಪತ್ರ ಬಂತು, ವರ್ಗವಾಯಿತು. ಅದು ದೊಡ್ಡದಲ್ಲ, ನಮಗೆಲ್ಲ ವರ್ಗ ಆಗುತ್ತಲೇ ಇರುತ್ತದೆ. ದೊಡ್ಡದು ಬೇರೆ. ಅಲ್ಲಿಂದ ಮುಂದೆ ಯಾವ ಊರಿಗೆ ಅಳತೆಗೆ ಹೋದರೂ, ಸೋಲುವ ಕಡೆಯವನು "ಇವ್ನು ಗೇಮ್ ಸರ್ವೇರು ಕಣ್ಲಾ, ಇವನ್ ಅಳತೆ ಒಪ್ಪಲ್ಲ" ಎಂದು ಮೇಲರ್ಜಿ ಹಾಕತೊಡಗಿದ. ಅವರು ನೆಟ್ಟ ಕಲ್ಲನ್ನು ಇನ್ನೊಬ್ಬರು ಬಂದು ಮತ್ತೆ ಅಳೆದು ನೋಡುವುದು ರೂಢಿಯಾಯಿತು. ಅಳೆದಾಗ ಕಲ್ಲು ಸರಿಯಾಗಿಯೇ ಇರುತ್ತಿತ್ತು. ಆದರೂ ಸಾಹೇಬರು ಕಷ್ಟದ ಜಗಳಗಳನ್ನು ಅವರಿಗೆ ಕೊಡುವುದನ್ನು ನಿಲ್ಲಿಸಿದರು. ಕೊನೆಯ ಆರು ವರ್ಷ ಅವರು ಕಚೇರಿಯಲ್ಲಿ ಕೂತು ನಕಲು ತಾಳೆ ನೋಡಿದರು.

ಹಾಳೆಯ ಫೋಟೊ ನನ್ನ ಮೊಬೈಲಿನಲ್ಲಿತ್ತು. ಎಷ್ಟು ಜನಕ್ಕೆ ಕಳಿಸಿದ್ದೇನೋ! ಕತೆಯ ಕೊನೆಗೆ ನಾನು ಹುಬ್ಬು ಗಂಟಿಕ್ಕಿ, ಅವರ ದನಿಯಲ್ಲಿ, "ಕೆರೆ ಎರಡೇಯ ಸಾ" ಎನ್ನುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅವರ ನಿವೃತ್ತಿ ಸಮಾರಂಭದಲ್ಲೂ, ಕೊರಳಿಗೆ ಹಾರ ಹಾಕಿಕೊಂಡು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಅವರು ಕೂತಿದ್ದಾಗಲೇ, ಮೈಕಿನ ಮುಂದೆ ಅದೇ ಕತೆ ಹೇಳಿದೆ. ಇಳಿದು ಬಂದಾಗ ಅವರು ನನ್ನ ಕೈ ಹಿಡಿದುಕೊಂಡರು.

"ಚೆನ್ನಾಗ್ ಏಳ್ತೀರಾ ಸಾ. ಕೆರೆ ಮಾತ್ರ ಎರಡು."

ಇದನ್ನೂ ಸೇರಿಸಿಕೊಂಡು ಮುಂದೆ ಕತೆ ಹೇಳಿದೆ.

ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಹದಿನೈದು ದಿನ ಬಿಟ್ಟು ಅರಕಲಗೂಡಿನ ಅವರ ಮನೆಗೆ ಹೋದೆ. ಮಗ ಸೊಸೆ ಮೊಮ್ಮಕ್ಕಳಿಂದ ಮನೆ ತುಂಬಿತ್ತು. ಅವರ ಹೆಂಡತಿ ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಆ ಯಂತ್ರ, ಅದರ ಜೊತೆ ದಪ್ಪ ದಾರದಲ್ಲಿ ಹೊಲಿದ ನಲವತ್ತು ನಕ್ಷೆಗಳ ಪುಸ್ತಕ.

"ನಿಮ್ಗೇ ಕೊಡ್ಬೇಕು ಅಂದಿದ್ರು. ಮೊಮ್ಮಕ್ಕಳು ಕೇಳುದ್ರೂ ಕೊಡ್ಲಿಲ್ಲ."

ನನಗ್ಯಾಕೆ ಎಂದು ಮುಜುಗರವಾಯಿತು. ಕಾಫಿ ಕುಡಿದು ಏಳುವಾಗ ಆಕೆ ಕೇಳಿದರು.

"ಒಂದ್ ಮಾತ್ ಕೇಳ್ತೀನಿ ಸಾ. ಅಷ್ಟು ಜನ ಅಷ್ಟ್ ವರ್ಸ ನಗಾಡುದ್ರಲ್ಲ, ಆ ಹಾಳೆ ನಿಜ್ವಾಗ್ಲೂ ಇವ್ರು ಬರ್ದಿದ್ದೇನಾ? ನಾನ್ ಕೇಳುದ್ರೆ ಅಳತೆ ತಪ್ಪದೆ ಅಂತಿದ್ರೇ ಹೊರ್ತು ಬ್ಯಾರೆ ಮಾತಿಲ್ಲ."

"ಅವರದ್ದೇ ಅಮ್ಮ," ಎಂದೆ. "ಆದರೆ ಅದೇನು ದೊಡ್ಡ ತಪ್ಪಲ್ಲ ಬಿಡಿ."

ಇಷ್ಟು ಧಾರಾಳವಾಗಿ ಅವರನ್ನು ಕ್ಷಮಿಸಿ ಬಸ್ಸು ಹತ್ತಿದೆ.

ಆ ಭಾನುವಾರ ಮನೆಯಲ್ಲಿ ಪುಸ್ತಕ ಬಿಡಿಸಿದೆ. ಹನ್ನೊಂದನೇ ಘಟ್ಟದ ನಕ್ಷೆ ಕಡತದಲ್ಲಿ ಸಿಕ್ಕ ಹಾಳೆಯ ಹಾಗೆಯೇ ಇತ್ತು: ಅದೇ ಮೆಟ್ಟಿಲು ಕಟ್ಟೆಗಳು, ಅದೇ ಪೊಳ್ಳು ಮರ, ಅದೇ ಬಸವನಹುಳು. ಕೆರೆ ಮಾತ್ರ ಎರಡು. ಬರೆದ ದಿನಾಂಕ ಕಣ್ಣಿನ ಆಪರೇಷನ್ನಿಗೂ, ಅದಕ್ಕೆ ತುಸು ಮುಂಚೆ ನಡೆದಿದ್ದ ಹರದನಹಳ್ಳಿಯ ಅಳತೆಗೂ ಬಹಳ ಮುಂಚಿನದು. ಅಂದರೆ ಸರಿಯಾದ ನಕ್ಷೆ ಬರೆದು ಮುಗಿಸಿದ್ದವರು ಆಮೇಲೆ ತಪ್ಪು ನಕ್ಷೆಯನ್ನು ಯಾಕೆ ಬರೆಯಬೇಕು? ಯಂತ್ರಕ್ಕೆ ಚಾರ್ಜ್ ಹಾಕಿದೆ. ಹನ್ನೊಂದನೇ ಘಟ್ಟ ತೆರೆದೆ. ಎಂದೂ ಆಡದವನ ಹೆಬ್ಬೆರಳು ಗುಂಡಿ ತಡಕಬೇಕಿತ್ತು. ನನ್ನದು ತಡಕಲಿಲ್ಲ. ಮಡಕೆರಾಯ ಕೂತ, ಎದ್ದ, ಹಾರಿದ. ಅವಸರ ಮಾಡಬಾರದೆಂದು ನನ್ನ ಕೈಗೆ ಗೊತ್ತಿತ್ತು.

ಮೊದಲನೇ ಕೆರೆ ದಾಟಿದೆ. ಎರಡನೇ ಕೆರೆ ದಾಟಿದೆ. ಪೊಳ್ಳು ಮರದೊಳಗೆ ಹೊಕ್ಕರೆ ಅದು ಮೇಲಕ್ಕೆಳೆದುಕೊಂಡು ಆಚೆಗೆ ಉಗುಳಿತು. ಅಲ್ಲಿ ಸಂಜೆಯ ಕೆಂಪು ಆಕಾಶ, ಎದುರಿಗೆ ಇನ್ನೊಂದು ಕೆರೆ. ಮೂರು, ಎಂದುಕೊಂಡೆ.

ಬಾಯಿ ಬಿಟ್ಟೇ ಹೇಳಿದೆನೋ ಏನೋ, ಒಳಗಿನಿಂದ ನನ್ನ ಹೆಂಡತಿ "ಏನು ಮೂರು?" ಎಂದು ಕೇಳಿದಳು.

ಘಟ್ಟವನ್ನು ಮತ್ತೆ ಮೊದಲಿನಿಂದ ಹಾಕಿದೆ. ಆಮೇಲೆ ಅವರ ಹಾಗೆ ಹೆಜ್ಜೆ ಎಣಿಸಿ ಅಳೆದೆ. ಮರ ನಮ್ಮನ್ನು ಮುಂದಕ್ಕೆ ಒಯ್ಯುವುದಿಲ್ಲ. ಎರಡನೇ ಕೆರೆಯ ಮೇಲೇ ಸುತ್ತಿಸಿ, ನಾವು ಹಿಂದೆ ಬಿಟ್ಟು ಬಂದ ದಡದಲ್ಲೇ, ಮತ್ತೆ ಕೆರೆಯ ಕಡೆ ಮುಖ ಮಾಡಿಸಿ ಇಳಿಸುತ್ತದೆ. ಆಕಾಶದ ಬಣ್ಣ ಬದಲಾಗುವುದರಿಂದ ಹೊಸ ಕೆರೆ ಎನ್ನಿಸುತ್ತದೆ. ಅಳೆದವನಿಗೆ ಅದು ಅದೇ ಕೆರೆ ಎಂದು ತಿಳಿಯುತ್ತದೆ. ಅಳೆಯದೆ, ಆಟಕ್ಕೆ ಬಿದ್ದು, ಮುಂದೆ ಏನಿದೆಯೋ ಎಂಬ ಆಸೆಯಲ್ಲಿ ಓಡುವವನಿಗೆ ಮೂರಾಗುತ್ತದೆ. ಅಂಥವನು ದಾರಿ ಮರೆಯದಿರಲಿ ಎಂದು ಕೈಗೆ ಸಿಕ್ಕ ಹಾಳೆಯ ಮೇಲೆ ಗೀಚಿಕೊಂಡರೆ ಮೂರು ಕೆರೆ ಬರೆಯುತ್ತಾನೆ. ಅಭ್ಯಾಸಬಲದಿಂದ ಮೇಲೊಂದು ಉತ್ತರದ ಬಾಣವನ್ನೂ ಹಾಕುತ್ತಾನೆ.

ಮೊಬೈಲಿನಲ್ಲಿದ್ದ ಆ ಫೋಟೊ ತೆಗೆದು ದೊಡ್ಡದು ಮಾಡಿದೆ. ಅಷ್ಟು ಜನಕ್ಕೆ ಕಳಿಸಿದ ಚಿತ್ರವನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಬಾಣದ ಬುಡಕ್ಕೆ ಒಂದು ಪುಟ್ಟ ಅಡ್ಡಗೆರೆ. ಹಾಗೆ ಗೆರೆ ಎಳೆಯುವುದು ನನ್ನ ಕೈಯ ಚಾಳಿ, ಈಗಲೂ ಎಳೆಯುತ್ತೇನೆ.

ಹರದನಹಳ್ಳಿಯ ಕಡತ ಆ ವಾರಗಳಲ್ಲಿ ತಾಳೆ ನೋಡಲು ನನ್ನ ಚೀಲದಲ್ಲೇ ಇದ್ದಿರಬೇಕು. ಹಾಳೆ ಅದರೊಳಗೆ ಯಾವಾಗ ಸೇರಿತು, ಯಾರೋ ಬಂದರೆಂದು ನಾನೇ ಅಡಗಿಸಿದೆನೋ, ತಾನಾಗಿ ಜಾರಿತೋ, ನೆನಪಿಲ್ಲ. ಬರೆದದ್ದೂ ನೆನಪಿಲ್ಲ. ನೆನಪಿಲ್ಲ ಎಂಬ ಮಾತು ಇಲ್ಲಿ ಎಷ್ಟು ಅನುಕೂಲದ್ದು ಎಂಬುದು ನನಗೂ ಕಾಣುತ್ತದೆ. ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅವರ ಮೇಲೂ ಸಿಟ್ಟು ಬಂತು. ಈಗಲೂ ಇದೆ. "ನನ್ನದಲ್ಲ" ಎಂದು ಒಂದು ಮಾತು ಹೇಳಲು ಏನಾಗಿತ್ತು ಈ ಮನುಷ್ಯನಿಗೆ? ಬಾಣ ನೋಡಿದ ಕ್ಷಣವೇ ಯಾರ ಕೈ ಎಂದು ಅವರಿಗೆ ತಿಳಿದಿರಬೇಕು. ನನ್ನ ಜೊತೆ ವರ್ಷಗಟ್ಟಲೆ ನಕ್ಷೆ ಬರೆದವರು. ನನ್ನ ಕಡೆ ಬೆರಳು ತೋರಿಸಬಹುದಿತ್ತು. ಆದರೆ ಯಾರದ್ದು ಎನ್ನುವುದು ಅವರ ಕೆಲಸವಲ್ಲವಲ್ಲ! ಅಳತೆ ತಪ್ಪಿದೆ, ಮರು ಅಳತೆ ಮಾಡಿಸಿ ಎಂದು ಬಾಯಲ್ಲಿ ಹೇಳಿದರು, ಬರೆದೂ ಕೊಟ್ಟರು. ಅಳೆಯುವುದನ್ನೇ ಕಸುಬು ಮಾಡಿಕೊಂಡವರ ಕಚೇರಿಯಲ್ಲಿ ಒಬ್ಬರೂ ಅಳೆಯಲಿಲ್ಲ. ಪುರಾವೆ ಕೇಳುವವನು ಎಂದು ಬೀಗುವ ನಾನಂತೂ ನಗುವುದರಲ್ಲಿದ್ದೆ.

ಮರುದಿನವೇ ಅರಕಲಗೂಡಿಗೆ ಹೋಗಿ ಅವರ ಹೆಂಡತಿಯ ಮುಂದೆ ನಿಂತು, ಹಾಳೆ ಅವರದಲ್ಲ, ನನ್ನದು ಎಂದೆ. ಆಕೆ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಅದನ್ನ ನನಗ್ ಏಳಕ್ಕೆ ಅಲ್ಲಿಂದ್ ಬಂದ್ರಾ? ನಾನೇನ್ ನಗಾಡಿದ್ನಾ? ನಗಾಡ್ದೋರಿಗ್ ಏಳಿ ಓಗಿ."

ಹೇಳುತ್ತೇನೆ ಎಂದೆ. ಬಾಗಿಲು ದಾಟುವಾಗ ಆಕೆ ಕೂಗಿ ಕೇಳಿದರು.

"ಮಡಕೇಲಿ ಏನಾದ್ರೂ ಇತ್ತಾ?"

"ಏನೂ ಇರಲಿಲ್ಲ ಅಮ್ಮ. ಮಡಕೆರಾಯ ನನ್ನ ಮುಖವನ್ನೇ ನೋಡಿದ."

"ನೋಡ್ದೆ ಏನು," ಎಂದರು ಆಕೆ.

ಸಂಚಿಕೆಯವರು ತಮಾಷೆಯ ಬರಹ ಕೇಳಿದ್ದರು. ಇದನ್ನು ಓದಿ ಕೆಲವರು ಇನ್ನೂ ಜೋರಾಗಿ ನಗುತ್ತಾರೆ ಎಂದು ನನಗೆ ಗೊತ್ತು. ಫೋನಿನಲ್ಲಿ ವಿಷಯ ಹೇಳಿದಾಗ ಸಂಪಾದಕರೇ ನಕ್ಕರು. ನಗಲಿ. ಆದರೆ ಅವರು ನೆಟ್ಟ ಕಲ್ಲುಗಳನ್ನು ಹಾಳೆಯ ನೆಪ ಹೇಳಿ ಮತ್ತೆ ಅಳೆದವರು, ಅಳೆಸಿದವರು, ಅವರ ಮೇಲೆ ಅರ್ಜಿ ಬರೆದವರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಇದ್ದೀರಿ. ನಿಮಗಾಗಿ ಅವರ ಪುಸ್ತಕದಲ್ಲಿದ್ದದ್ದನ್ನು ಇದ್ದಂತೆಯೇ ಇಲ್ಲಿ ನಕಲು ಮಾಡುತ್ತೇನೆ. ಯಂತ್ರ ನನ್ನ ಹತ್ತಿರವಿದೆ, ಅನುಮಾನ ಇರುವವರು ಬಂದು ಅಳೆಯಬಹುದು.

ಹನ್ನೊಂದನೇ ಘಟ್ಟ. ಎಡಕ್ಕೆ ಗೋಡೆ. ಬಲಕ್ಕೆ ಬಾಗಿಲು. ಮೇಲಕ್ಕೆ ಆಕಾಶ. ಕೆಳಕ್ಕೆ ಮುಳ್ಳು. ನಡುವೆ ಪೊಳ್ಳು ಮರ ಒಂದು, ಅದರ ಮೇಲೆ ಬಸವನಹುಳು, ನಿದ್ದೆ. ಕೆರೆ ಎರಡು.